ಕೊಕ್ಕರೆಯ ಅಮ್ಮನ ಹಾಡು

ಸತ್ತವನನ್ನು ಬೈಯಬೇಡಿ ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ನಾನು ಬೈಯುತ್ತೇನೆ. ನಲವತ್ತು ವರ್ಷ ಆ ಪುಣ್ಯಾತ್ಮನ ಗಿಟಾರು ರಿಪೇರಿ ಮಾಡಿದ್ದೇನೆ, ಅಷ್ಟು ಹಕ್ಕು ನನಗಿದೆ. ಬೈಯದೆ ಸುಮ್ಮನೆ ಕೂತರೆ ಅಳು ಬರುತ್ತದೆ, ಅದು ಬೇರೆ ಮಾತು.

ಎಲ್ಲರ ಬಾಯಲ್ಲೂ ಅವನು ಕೊಕ್ಕರೆ. ಉದ್ದನೆಯ ಒಣಕಲು ಕಾಲು. ಶ್ರುತಿ ಮಾಡುವಾಗ ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಆನಿಸಿ ನಿಲ್ಲುವ ಚಾಳಿ. ಬೀಸುವವರು, ಒಗೆಯುವವರು, ಮಗು ಮಲಗಿಸುವವರು ಹಾಡಿಕೊಂಡ ಹಳೆಯ ಹಾಡುಗಳನ್ನು ಹುಡುಕಿ ತಂದು ಗಿಟಾರಿನಲ್ಲಿ ನುಡಿಸುತ್ತಿದ್ದ. ಉಳಿದವರು ಆರೂ ತಂತಿಗಳನ್ನು ಗೊತ್ತಾದ ಸ್ವರಗಳಿಗೆ ಬಿಗಿದಿಟ್ಟು ಹಾಡನ್ನು ಅದಕ್ಕೆ ಒಗ್ಗಿಸಿಕೊಳ್ಳುತ್ತಾರೆ. ಇವನು ಪ್ರತಿ ಹಾಡಿಗೂ ಬಿರಡೆ ತಿರುಗಿಸಿ ತಂತಿಗಳನ್ನೇ ಬೇರೆ ಸ್ವರಗಳಿಗೆ ಕೂರಿಸುತ್ತಿದ್ದ. ಹಾಡಿಗೊಂದು ಶ್ರುತಿ. ಇವತ್ತು ಎಷ್ಟೋ ಜನ ಹಾಗೆ ನುಡಿಸುತ್ತಾರೆ, ಅದರಲ್ಲಿ ಅರ್ಧ ಜನ ಅವನ ಮುಖವನ್ನೂ ಕಂಡಿಲ್ಲ. "ಬರೆದಿಡೋ" ಎಂದರೆ "ಹಾಡ್ದೋರು ಬರೆದಿಟ್ಟಿದ್ರೇನೋ?" ಎಂದು ನನ್ನನ್ನೇ ಕೇಳುತ್ತಿದ್ದ. ರೆಕಾರ್ಡ್ ಮಾಡಲು ಹೋದರೆ ಎದ್ದು ಹೋಗುತ್ತಿದ್ದ.

ಒಂದು ಹಾಡು ಮಾತ್ರ ಅವನ ಕೈಗೆ ಹತ್ತಿರಲಿಲ್ಲ. ಅವನ ಅಮ್ಮ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡು. ಮೂವತ್ತು ವರ್ಷ ಅದರ ಶ್ರುತಿ ಹುಡುಕಿದ. ಸಾಯುವ ಒಂದೂವರೆ ತಿಂಗಳ ಮೊದಲು ಫೋನು ಮಾಡಿದ.

"ಸಿಕ್ತು ಕಣೋ! ಅಮ್ಮನೇ ಪಕ್ಕದಲ್ಲಿ ನಿಂತ ಹಾಗಾಯ್ತು. ಬಾರೋ, ಕೇಳು."

"ಮುಂದಿನ ವಾರ ಬರ್ತೀನಿ, ಕೈ ತುಂಬ ಕೆಲಸ ಇದೆ" ಎಂದೆ. ಆ ಮುಂದಿನ ವಾರ ಬರಲೇ ಇಲ್ಲ. ಅವನು ಹಾಸಿಗೆ ಹಿಡಿದ, ನಾನು ಎರಡು ಸಲ ಹೋದೆ. ಎರಡು ಸಲವೂ ನಿದ್ದೆಯಲ್ಲಿದ್ದ.

ಅವನು ಹೋದ ಎರಡು ವಾರಕ್ಕೆ ಅವನ ಅಳಿಯ ಗಿಟಾರಿನ ಪೆಟ್ಟಿಗೆ ಹೊತ್ತು ನನ್ನ ಅಂಗಡಿಗೆ ಬಂದ. ಭಾನುವಾರ ನೆನಪಿನ ಸಭೆ, ಮಗಳು ಅಪ್ಪನ ಗಿಟಾರಿನಲ್ಲಿ ಅಜ್ಜಿಯ ಹಾಡು ನುಡಿಸುತ್ತಾಳೆ, ತಳದ ಹಲಗೆ ಒಂದು ಕಡೆ ಬಿಟ್ಟುಕೊಂಡಿದೆ, ಅಂಟಿಸಿಕೊಡಬೇಕಂತೆ. ಪೆಟ್ಟಿಗೆ ತೆಗೆದೆ. ತುಕ್ಕು ಹಿಡಿದ ತಂತಿಗಳು ಬಿಗಿಯಾಗಿಯೇ ಇದ್ದವು. ನನಗೆ ಪಿತ್ತ ನೆತ್ತಿಗೇರಿತು. ನುಡಿಸದಿದ್ದಾಗ ತಂತಿ ಸಡಿಲಿಸಿಡು, ಕತ್ತು ಬಾಗುತ್ತದೆ ಎಂದು ನಲವತ್ತು ವರ್ಷ ಬಡಕೊಂಡಿದ್ದೆ. ಅವನು ಒಂದು ದಿನವೂ ಕೇಳಲಿಲ್ಲ. ಅದಕ್ಕೇ ಅವನ ಗಿಟಾರು ಬಂದರೆ ನನ್ನ ಮೊದಲ ಕೆಲಸ ತಂತಿ ಬಿಚ್ಚುವುದು.

"ಮಾಮ, ತಂತಿ ವಿಷಯ ಅವಳು ಏನೋ ಹೇಳಿದ್ಲು..." ಎಂದು ಅಳಿಯ ಶುರುಮಾಡಿದ.

"ನನಗೇ ಪಾಠ ಹೇಳ್ಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ಈ ಗಿಟಾರು ನೋಡ್ತಿದೀನಿ. ಹೋಗಪ್ಪ, ಗಾಳಿಗೆ ಅಡ್ಡ ನಿಲ್ಬೇಡ."

ಪಾಪ, ಬಾಯಿ ಮುಚ್ಚಿಕೊಂಡು ಹೋದ. ನಾನು ಆರೂ ಬಿರಡೆ ತಿರುಗಿಸಿದೆ, ಕಟ್ಟರ್ ತೆಗೆದುಕೊಂಡು ಆರೂ ತಂತಿಗಳನ್ನು ನಡುವೆ ಕತ್ತರಿಸಿ ಕಸದ ಡಬ್ಬಿಗೆ ಎಸೆದೆ. ಸಿಕ್ತು ಕಣೋ ಎಂದು ಅವನು ಹೇಳಿದ್ದು ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಬಂದಳು. ಹೊಸ ತಂತಿ ಹಾಕಿ ಹೊಳಪು ಕೊಟ್ಟು ಇಟ್ಟಿದ್ದ ಗಿಟಾರನ್ನು ಹೆಮ್ಮೆಯಿಂದ ತೋರಿಸಿದೆ. ಅವಳು ಹತ್ತಿರ ಬರಲಿಲ್ಲ.

"ಮಾಮ, ಹಳೇ ತಂತಿ?"

ಡಬ್ಬಿಯ ಕಡೆ ನೋಡಿದೆ. ಆಗ ಅವನ ಫೋನು ನೆನಪಾಯಿತು.

"ಅಪ್ಪ ಮಲಗಿದ್ದಲ್ಲೇ ಬೆರಳು ಹಿಡಿದು ಹೇಳ್ಕೊಟ್ರು," ಎಂದಳು ಅವಳು. "ಎಲ್ಲೆಲ್ಲಿ ಒತ್ತಬೇಕು ಎಲ್ಲ ಬರುತ್ತೆ. ಶ್ರುತಿ ಗಿಟಾರಲ್ಲೇ ಇದೆ, ಬಿರಡೆ ಮುಟ್ಬೇಡ, ಆಮೇಲೆ ನಿಧಾನವಾಗಿ ಕಲಿ ಅಂದ್ರು. ಅವರು ಹೋದ್ಮೇಲೆ ಪೆಟ್ಟಿಗೆ ತೆಗೆಯೋಕೆ ನನಗೆ ಧೈರ್ಯ ಬರ್ಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಡಬ್ಬಿಯನ್ನು ಮೇಜಿನ ಮೇಲೆ ಸುರಿದೆವು. ಹನ್ನೆರಡು ತುಂಡುಗಳನ್ನು ಆರಿಸಿ, ಬಿರಡೆಗೆ ಸುತ್ತಿದ ಕಡೆ ಉಳಿದ ಸುರುಳಿಗಳನ್ನು ಭೂತಗನ್ನಡಿಯಲ್ಲಿ ಎಣಿಸಿದೆ. ಯಾವ ತಂತಿ ಎಷ್ಟು ದಪ್ಪ ಎಂದು ಅಳೆದೆ. ಅದರಿಂದ ಏನು ತಿಳಿಯುತ್ತದೆ, ಮಣ್ಣು! ಬಿರಡೆ ಗೋಧಿಕಾಳಿನಷ್ಟು ತಿರುಗಿದರೆ ಸ್ವರವೇ ಬೇರೆ. ಕೊನೆಗೆ ಒಂದೊಂದಾಗಿ ಕೂರಿಸಿ ನೋಡತೊಡಗಿದೆವು. ನಾನು ತಿರುಗಿಸುವುದು, ಅವಳು ನುಡಿಸುವುದು.

"ಇದಲ್ಲ. ಇನ್ನೂ ಕೆಳಗಿತ್ತು."

"ಹೀಗಾ?"

"ಹತ್ತಿರ ಬಂತು... ಇಲ್ಲ, ಅಲ್ಲ. ನಿಮಗೆ ಹೇಗನಿಸುತ್ತೆ ಮಾಮ?"

"ನಾನು ಕೇಳೇ ಇಲ್ವಲ್ಲಮ್ಮ."

ಮೂರು ದಿನ ಕೂತೆವು. ಮೊದಲ ದಿನ ಅವಳು ಅಲ್ಲ ಎಂದು ತಕ್ಷಣ ಹೇಳುತ್ತಿದ್ದಳು. ಎರಡನೇ ದಿನ ಯೋಚಿಸಿ ಹೇಳಿದಳು. ಮೂರನೇ ದಿನ ಮಧ್ಯಾಹ್ನ ಒಂದು ಶ್ರುತಿ ಬಂತು. ಕೇಳಲು ಇಂಪಾಗಿಯೇ ಇತ್ತು. ಅವಳು ಪೂರ್ತಿ ನುಡಿಸಿ, ಗಿಟಾರನ್ನು ಮಡಿಲಿನಲ್ಲಿ ಮಲಗಿಸಿಕೊಂಡು ಅತ್ತಳು.

"ಸಿಕ್ತಾ ಪುಟ್ಟಿ?" ಎಂದೆ. ಆಸೆ ನೋಡಿ ನನ್ನದು.

"ಗೊತ್ತಾಗ್ತಿಲ್ಲ ಮಾಮ. ಇಷ್ಟೊಂದು ಕೇಳಿ ಕೇಳಿ ಅಪ್ಪ ನುಡಿಸಿದ್ದೇ ಮರೆತುಹೋಯ್ತು. ಬಂದಾಗ ಕಿವೀಲಿತ್ತು. ಈಗ ಇಲ್ಲ."

ನಾನು ತಂತಿ ಕತ್ತರಿಸಿದ್ದೆ. ಅವಳ ಕಿವಿಯಲ್ಲಿ ಉಳಿದಿದ್ದನ್ನೂ ನಾವಿಬ್ಬರೂ ಸೇರಿ ಅಳಿಸಿದ್ದೆವು. ಮೊದಲ ದಿನವೇ ಸುಮ್ಮನೆ ಬಿಟ್ಟಿದ್ದರೆ ಅವಳ ತಲೆಯೊಳಗಾದರೂ ಅದು ಇರುತ್ತಿತ್ತು. ನನ್ನ ಕೆಟ್ಟ ಬಾಯಿ, ಅದಕ್ಕಿಂತ ಕೆಟ್ಟ ಕೈ.

"ಎಲ್ಲರಿಗೂ ನಿಜ ಹೇಳ್ಬಿಡ್ತೀನಿ" ಎಂದೆ.

ಅವಳು ಮುಖ ಒರೆಸಿಕೊಂಡಳು. "ಬೇಡ. ಅಪ್ಪಂಗೆ ಕೊನೆಗೂ ಸಿಕ್ತು ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ. ಅದನ್ನ ಕೇಳೋಕೇ ಬರ್ತಿದಾರೆ. ಇದನ್ನೇ ನುಡಿಸ್ತೀನಿ. ನೀವು ಬಾಯಿ ಬಿಡಬೇಡಿ."

ಭಾನುವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ನುಡಿಸಿದಳು. ನನ್ನ ಪಕ್ಕದ ಮುದುಕ "ಅವನೇ ಬಂದು ಕೂತ ಹಾಗಿದೆ" ಎಂದು ಬಿಕ್ಕಿದ. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಅವನ ಅಮ್ಮನ ಹಾಡು ಕೇಳಿಸಿಕೊಂಡೆವು ಎಂದು ಅಷ್ಟು ಜನರೂ ತಿಳಿದಿದ್ದರು. ಯಾರೂ ಕೇಳಿಸಿಕೊಂಡಿರಲಿಲ್ಲ.

ಮುಗಿದ ಮೇಲೆ ಅವನ ಶಿಷ್ಯರೆಲ್ಲ ಮಗಳನ್ನು ಸುತ್ತುವರಿದರು. ಅವರಿಗೆ ಶ್ರುತಿ ಬರೆದುಕೊಳ್ಳಬೇಕಿತ್ತು, ಕಲಿಸಬೇಕಿತ್ತು, ಊರೂರಿಗೆ ಒಯ್ಯಬೇಕಿತ್ತು. ಅವಳು ಯಾರ ಮುಖವನ್ನೂ ನೋಡದೆ "ಮಾಮನ್ನ ಕೇಳಿ, ಕೂರಿಸಿದ್ದು ಅವರೇ" ಎಂದು ಹೊರಟುಹೋದಳು.

ಎಲ್ಲರೂ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. ನಾನು ಆರೂ ತಂತಿಯ ಸ್ವರಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಿದೆ. ಅವರು ಬರೆದುಕೊಂಡರು, ತಪ್ಪಾಗಬಾರದೆಂದು ಮತ್ತೊಮ್ಮೆ ಓದಿ ಹೇಳಿದರು.

"ಸದ್ಯ ನೀವಿದ್ರಿ. ಇಲ್ದಿದ್ರೆ ಇದೂ ಅವರ ಜೊತೇನೇ ಹೋಗ್ಬಿಡ್ತಿತ್ತು" ಎಂದಳು ಒಬ್ಬ ಶಿಷ್ಯೆ.

"ಹೌದಮ್ಮ" ಎಂದೆ.