ಸೀಸದ ನೀರಿನ ಸುದ್ದಿ

ಅವಳೇ ನಡೆಸುತ್ತಿದ್ದ ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಾಮಾ ಅಕ್ಕ ಎನ್ನುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಪುಟವನ್ನೇ ತಡೆದು ನಿಲ್ಲಿಸುವವಳು ಅವಳು. ವಯಸ್ಸು ಅರವತ್ತೊಂದು, ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿದರೆ, "ಈ ವಾರಪತ್ರಿಕೆ ಕಟ್ಕೊಂಡಿದೀನಲ್ಲ, ಇನ್ನೊಬ್ಬ ಗಂಡ ಯಾಕೆ? ವಾರವಾರಕ್ಕೂ ಹೊಸ ತಕರಾರು" ಎಂದು ನಗುತ್ತಿದ್ದಳು.

ಒಂದು ದಿನ ಸರ್ಕಾರಿ ಪ್ರಯೋಗಾಲಯದ ಹೆಂಗಸೊಬ್ಬಳು ಬಂದು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಹೊಸ ಕೊಳವೆಯಿಂದ ಪೂರ್ವದ ಬಡಾವಣೆಗೆ ಹೋಗುತ್ತಿದ್ದ ಕುಡಿಯುವ ನೀರಿನಲ್ಲಿ ಸೀಸವಿತ್ತು, ಇರಬಾರದಷ್ಟು ಇತ್ತು. ವರದಿ ಮೂರು ತಿಂಗಳಿಂದ ಮೇಲಧಿಕಾರಿಯ ಕಪಾಟಿನಲ್ಲಿ ಮಲಗಿತ್ತು.

"ನನ್ನ ಹೆಸರು ಎಲ್ಲೂ ಬರಬಾರದು," ಎಂದಳು ಆಕೆ. ಕುಳಿತಿರಲೇ ಇಲ್ಲ.

"ಬರಲ್ಲ."

"ಎಷ್ಟು ಗದರಿಸಿ ಕೇಳಿದ್ರೂ?"

"ಗದರಿಸಿದ್ರೆ ನನ್ನ ಕಿವಿ ಸರಿಯಾಗಿ ಕೇಳ್ಸಲ್ಲ ಕಣಮ್ಮ."

ಸೀಸ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮೂವತ್ತು ವರ್ಷ ಸೀಸದ ಅಕ್ಷರಗಳನ್ನು ಹೆಕ್ಕಿದ ಕೈ ಕೊನೆಗೆ ತುತ್ತನ್ನೂ ಬಾಯಿಗೆ ಮುಟ್ಟಿಸಲಾರದಂತೆ ನಡುಗುತ್ತಿತ್ತು. ಆ ತುತ್ತನ್ನು ಅವಳೂ ತಂಗಿಯೂ ಸರದಿಯ ಮೇಲೆ ತಿನ್ನಿಸುತ್ತಿದ್ದರು.

ಅವಳು ಆತುರಪಡಲಿಲ್ಲ. ನಾಲ್ಕು ದಿನ ಬಡಾವಣೆ ಸುತ್ತಿ, ಏಳು ನಲ್ಲಿಗಳ ನೀರನ್ನು ಬಾಟಲಿಗಳಲ್ಲಿ ಹಿಡಿದು ದೂರದೂರಿನ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದಳು. ಫಲಿತಾಂಶ ಅದೇ ಬಂತು. "ಮಕ್ಕಳು ನಿನ್ನೆ ಕಲಿತದ್ದನ್ನ ಇವತ್ತು ಮರೀತಾವೆ, ದಡ್ಡರೇನೋ ಅಂದ್ಕೊಂಡಿದ್ದೆ" ಎಂದು ಶಾಲೆಯ ಮೇಷ್ಟ್ರೊಬ್ಬರು ತಲೆ ತಗ್ಗಿಸಿದರು. ಅಷ್ಟೆಲ್ಲ ಆದ ಮೇಲೆ, ಪದ್ಧತಿಯಂತೆ, ನೀರಿನ ಇಲಾಖೆಗೆ ಬರೆದು ಉತ್ತರ ಕೇಳಿದಳು.

ಉತ್ತರದ ಬದಲು ಅಧಿಕಾರಿಯೇ ಬಂದ. ಮಧ್ಯಾಹ್ನದ ಹೊತ್ತು, ಬಹಳ ಮರ್ಯಾದೆಯ ಮನುಷ್ಯ. ಮಾತೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಸುಳ್ಳು ಅಂತ ನಾನು ಹೇಳ್ತಿಲ್ಲ ಅಕ್ಕಾ. ಈಗ ಬೇಡ ಅಂತಿದೀನಿ. ಜನ ಗಾಬರಿಯಾಗ್ತಾರೆ."

"ಗಾಬರಿಯಾಗೋ ವಿಷಯಕ್ಕೆ ಗಾಬರಿಯಾಗ್ಲಿ ಬಿಡಿ."

"ನಿಮ್ಮ ಪರವಾನಗಿ ನವೀಕರಣ ಈ ತಿಂಗಳೇ ಅಲ್ವಾ?" ಎಂದು ನಗುತ್ತಲೇ ಕೇಳಿ ಎದ್ದ.

ಮರುದಿನದಿಂದ ಕಚೇರಿ ಬರಿದಾಗತೊಡಗಿತು. ವರದಿಗಾರನ ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ ಬಂತು. ಪುಟ ಜೋಡಿಸುವವಳು ಪುಟವನ್ನು ಪೂರ್ತಿ ಮಾಡಿಕೊಟ್ಟು, "ಅಕ್ಕಾ, ನಮ್ಮನೆಯವರು ಬೇಡ ಅಂತಿದಾರೆ" ಎಂದು ಅತ್ತಳು. ಅವರಾರೂ ಕೆಟ್ಟವರಲ್ಲ. ಅದೇ ಅವಳಿಗೆ ಹೆಚ್ಚು ನೋವು ಕೊಟ್ಟದ್ದು. ಸಿಟ್ಟು ಮಾಡಿಕೊಳ್ಳಲಿಕ್ಕೂ ಒಬ್ಬರು ಸಿಗಲಿಲ್ಲ.

ಸಂಜೆ ತಂಗಿಯ ಫೋನು ಬಂತು. ಅವಳ ಗಂಡ ಅದೇ ನೀರಿನ ಇಲಾಖೆಯ ಗುಮಾಸ್ತ.

"ಇವರನ್ನ ಕರೆದು ಕೇಳಿದ್ರಂತೆ, ಪತ್ರಿಕೆಯ ಆ ಹೆಂಗಸು ನಿಮ್ಮ ಹೆಂಡತಿಯ ಅಕ್ಕನಾ ಅಂತ. ಬೇಡ ಕಣೇ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ."

"ಅಪ್ಪನ ಕೈ ನೆನಪಿದೆಯಾ ನಿಂಗೆ?"

"ಸತ್ತವರನ್ನ ಮಧ್ಯ ತರಬೇಡ," ಎಂದು ತಂಗಿ ಫೋನಿಟ್ಟಳು.

ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಕಣ್ಣಿಟ್ಟಿರಬೇಕು. ಮರುದಿನ ಬೆಳಿಗ್ಗೆ ಅವಳೇ ಒಂದು ಸಾಲು ಓದಿದಳು, ಅವಳೇ ಬಗ್ಗಿ ನೋಡಿದಳು, ಅವಳೇ "ಸರಿ" ಎಂದಳು. ನಾಲ್ಕು ಖಾಲಿ ಕುರ್ಚಿಗಳ ನಡುವೆ ತನ್ನ ದನಿ ಯಾರದೋ ದನಿಯಂತೆ ಕೇಳಿ, ಒಂದೆರಡು ಸಲ ಓದುವುದನ್ನೇ ನಿಲ್ಲಿಸಿದಳು. ಹರಿದುಹಾಕಿ ಮನೆಗೆ ಹೋಗಿ ಮಲಗಿಬಿಡೋಣವೇ ಎಂದೂ ಅನ್ನಿಸಿತು. ಸುದ್ದಿಯ ಕೆಳಗೆ ಬರೆದವರ ಜಾಗದಲ್ಲಿ ತನ್ನ ಹೆಸರು ಹಾಕಿ ಹಾಳೆಗಳನ್ನು ಮಡಿಸಿಕೊಂಡಳು.

ಮುದ್ರಣಾಲಯದ ಮಾಲೀಕ ಅಪ್ಪನ ಕಾಲದವನು. ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದ.

"ಇದೊಂದು ಸಂಚಿಕೆ ಮಾಡಿಕೊಡ್ತೀನಿ. ಆಮೇಲೆ ಈ ಬಾಗಿಲಿಗೆ ಬರಬೇಡಮ್ಮ."

"ಬರಲ್ಲ," ಎಂದಳು. ಈ ಸುದ್ದಿಗಾಗಿ ಎರಡನೆಯ ಸಲ ಅದೇ ಮಾತು.

ಗುರುವಾರ ಬೆಳಿಗ್ಗೆ ಪತ್ರಿಕೆ ಹೊರಬಂತು. ಮಧ್ಯಾಹ್ನದೊಳಗೆ ಅಂಗಡಿಗಳಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ. ಜನ ಕೊಂಡದ್ದೆಷ್ಟು, ಪೊಲೀಸರು ಹೊತ್ತದ್ದೆಷ್ಟು ತಿಳಿಯಲಿಲ್ಲ. ಶುಕ್ರವಾರ ಕಚೇರಿಗೆ ಬೀಗಮುದ್ರೆ ಬಿತ್ತು. ಒಂಬತ್ತು ದಿನ ಅವಳನ್ನು ಬೆಳಿಗ್ಗೆ ಠಾಣೆಗೆ ಕರೆಸಿ ಸಂಜೆ ಬಿಟ್ಟರು. ಕೇಳಿದ್ದು ಒಂದೇ: ಕಾಗದ ಕೊಟ್ಟವರು ಯಾರು? ಅವಳು ಹೇಳಿದ್ದೂ ಒಂದೇ: ಬರೆದವಳು ನಾನು.

ಹತ್ತನೆಯ ದಿನ ದಾರಿಯಲ್ಲಿ ಪ್ರಯೋಗಾಲಯದ ಆ ಹೆಂಗಸು ಎದುರಾದಳು. ಕಂಡೂ ಕಾಣದವಳಂತೆ ರಸ್ತೆ ದಾಟಿ ಆ ಬದಿಗೆ ಹೋದಳು. ಸರಿಯಾಗೇ ಮಾಡಿದಳು ಎಂದುಕೊಂಡಳು ಕಾಮಾ ಅಕ್ಕ. ಆದರೂ ತಿರುಗಿ ನೋಡಿದಳು, ಆಕೆಯೂ ನೋಡುತ್ತಿರಬಹುದೇನೋ ಎಂದು. ನೋಡುತ್ತಿರಲಿಲ್ಲ.

ಆ ತಿಂಗಳೇ ಹೊಸ ಕೊಳವೆಯನ್ನು 'ದುರಸ್ತಿ'ಗೆಂದು ಮುಚ್ಚಿದರು. ಸೀಸದ ಮಾತನ್ನು ಯಾರೂ ಎತ್ತಲಿಲ್ಲ. ಬಡಾವಣೆಗೆ ಟ್ಯಾಂಕರ್ ನೀರು ಬರತೊಡಗಿತು. ತಂಗಿಯ ಗಂಡನನ್ನು ರೈಲು ಕೂಡ ಹೋಗದ ಊರಿಗೆ ವರ್ಗ ಮಾಡಿದರು. ಸಾಮಾನು ಕಟ್ಟುವ ದಿನ ತಂಗಿ ಫೋನು ಮಾಡಿದಳು.

"ನೀನು ಮಾಡಿದ್ದು ಸರಿ ಕಣೇ. ನಂಗೆ ಗೊತ್ತು. ಆದ್ರೆ ನಮ್ಮನೆಗೆ ಬರಬೇಡ."

"ಹೂಂ," ಎಂದಳು ಅಕ್ಕ. "ಸಾಮಾನು ಜೋಪಾನ."

ನವೀಕರಿಸದೆ ತಡೆದಿದ್ದ ಪರವಾನಗಿಗಾಗಿ ಅವಳು ನ್ಯಾಯಾಲಯಕ್ಕೆ ಹೋದಳು. ಎಂಟು ತಿಂಗಳು ಅಲೆದಳು. ಸಾಕ್ಷಿ ಹೇಳಲು ಬರುತ್ತೇನೆಂದವರಲ್ಲಿ ಶಾಲೆಯ ಆ ಮೇಷ್ಟ್ರು ಒಬ್ಬರೇ ಬಂದರು. ಕೊನೆಗೆ ತೀರ್ಪು ಅವಳ ಪರವಾಯಿತು. ಪತ್ರಿಕೆ ಬೇರೊಂದು ಮುದ್ರಣಾಲಯದಿಂದ ಮತ್ತೆ ಬಂತು. ಎಂಟು ಪುಟ ನಾಲ್ಕಾಗಿತ್ತು, ನಾಲ್ಕನ್ನೂ ಅವಳೇ ಬರೆದಿದ್ದಳು. ಮೊದಲ ಪ್ರತಿಯನ್ನು ತಂಗಿಯ ಹೊಸ ವಿಳಾಸಕ್ಕೆ ಅಂಚೆಗೆ ಹಾಕಿದಳು. ಅದು ಹಿಂದಕ್ಕೂ ಬರಲಿಲ್ಲ, ಅದಕ್ಕೆ ಉತ್ತರವೂ ಬರಲಿಲ್ಲ. ಮುಂದಿನ ವಾರ ಇನ್ನೊಂದು ಕಳಿಸಿದಳು.