ಮಂಡಿ ಸದ್ದಿನ ಜೊತೆ ಬಂದ ಮಾತು

ಆ ಮನೆ ಸೊಸೆ ಓದಿದ್ದು ಅಷ್ಟಿಷ್ಟಲ್ಲ. ಅವಳ ಪುಸ್ತಕಗಳನ್ನ ಒಂದರ ಮೇಲೊಂದು ಪೇರಿಸಿ ಹತ್ತಿದ್ರೆ ಚಂದ್ರನ ಗಲ್ಲ ಚಿವುಟಿ ಬರಬಹುದಿತ್ತು. ಅಷ್ಟೆಲ್ಲ ಓದಿ ಕೊನೆಗೆ ಹಿಡ್ಕೊಂಡಿದ್ದು ಏನನ್ನ? ಮುದುಕಿಯರ ಮಂಡಿಯನ್ನ!

ಮಂಡಿಗೆ ಗುಂಡಿಯಷ್ಟು ಮೈಕು ಅಂಟಿಸೋದು, ಕಟ್ಟಡದ ಮೆಟ್ಟಿಲು ಹತ್ತಿಸೋದು, ಲಟಲಟ ಸದ್ದು ಹಿಡಿದಿಡೋದು. ಸವೆದ ಮಂಡಿಯನ್ನ ಸದ್ದಿನಲ್ಲೇ ಕಂಡುಹಿಡೀಬಹುದು ಅಂತ ಅವಳ ವಾದ. ಸದ್ದನ್ನ ಅವಳೇನೂ ಕಿವಿಯಲ್ಲಿ ಕೇಳಿರಲಿಲ್ಲ, ಕೆಳಗೆ ಕೂತು ಪರದೆ ಮೇಲೆ ಕುಣಿಯೋ ಗೆರೆ ನೋಡಿದ್ಲು ಅಷ್ಟೆ.

ಇದನ್ನೆಲ್ಲ ಬರೆದ ಅವಳ ಲೇಖನ ಒಪ್ಪಿದ ವಿಜ್ಞಾನ ಪತ್ರಿಕೆಯವರು, "ನೀವು ಬರೆದಿದ್ದು ನಿಜವಾ ಅಂತ ಬೇರೆಯವರೂ ನೋಡ್ಬೇಕಲ್ಲ, ಸದ್ದುಗಳನ್ನೆಲ್ಲ ಇಂಟರ್ನೆಟ್ಟಿನ ಭಂಡಾರದಲ್ಲಿಡಿ, ಬೇಕಾದವರು ಕೇಳ್ಲಿ" ಅಂದ್ರು. ನ್ಯಾಯವಾದ ಮಾತೇ. ಸೊಸೆ ಹೆಸರುಗಳನ್ನ ಅಳಿಸಿ, ಎಲ್ಲ ಕಳಿಸಿ, ಊಟಕ್ಕೆ ಕೂತ್ಲು.

"ನಿನ್ನ ಮೈಕು ತುಂಬ ಒಳ್ಳೇದು ಕಣೇ," ಅಂದ್ರು ಅತ್ತೆ. "ಎಷ್ಟು ಮಾತಾಡಿದ್ರೂ ಎದುರು ಮಾತಿಲ್ಲ. ನಿನ್ನ ಹಾಗಲ್ಲ."

ಸೊಸೆ ತುತ್ತನ್ನ ತಟ್ಟೆಗೇ ಇಳಿಸಿದ್ಲು. "ಹತ್ತುವಾಗ ಮಾತಾಡಿದ್ರಾ?"

"ಮತ್ತೆ? ನಿನ್ನ ಅಡುಗೆ ಬಗ್ಗೆ ಒಂದು ಅಂತಸ್ತು, ನಿನ್ನ ಗಂಡನ ಸೋಮಾರಿತನದ ಬಗ್ಗೆ ಒಂದು ಅಂತಸ್ತು. ಆಮೇಲೆ ಟೈಲರಮ್ಮನೂ ತನ್ನ ಮಂಡಿಗೆ ಮೈಕು ಅಂಟಿಸ್ಕೊಂಡು ಜೊತೆಗೆ ಬಂದ್ಲು."

ಕೈ ಕೂಡ ತೊಳೀದೆ ಓಡಿ ಕಂಪ್ಯೂಟರಿಗೆ ಕಿವಿ ಕೊಟ್ಲು. ಲಟ್, ಲಟ್. ನಡುವೆ ಕೆಳಗಿನ ಅಂಗಡಿ ಟೈಲರಮ್ಮನ ದನಿ, ಬೀದಿಯ ಕೂಸೂ ಗುರುತು ಹಿಡಿಯೋ ಅಂಥ ಗಡಸು ದನಿ: "ಅಕ್ಕಾ, ಯಾರಿಗೂ ಹೇಳ್ಬೇಡ. ಕಣ್ಣು ಮಂಜಾಗ್ತಿದೆ. ಹೊಲಿಗೆಯೆಲ್ಲ ಕೈಯಂದಾಜಲ್ಲೇ ನಡೀತಿದೆ. ಗಿರಾಕಿಗಳಿಗೆ ಗೊತ್ತಾದ್ರೆ ಅಂಗಡಿಗೆ ಬೀಗ." ಲಟ್.

ಈ ಸದ್ದನ್ನ ನಾನೊಬ್ಳೇ ಕೇಳೋದು ಅಂತ ಮೈಕು ಅಂಟಿಸುವಾಗ ಇದೇ ಟೈಲರಮ್ಮನಿಗೆ ಮಾತು ಕೊಟ್ಟಿದ್ಲು ಸೊಸೆ. ಈಗ ಪ್ರಪಂಚಕ್ಕೇ ಕಳಿಸಿ ಕೂತಿದ್ಲು! ಎಂಜಲು ಕೈಯಲ್ಲೇ ಭಂಡಾರದ ಮೇಲ್ವಿಚಾರಕನಿಗೆ ಫೋನು ಹಚ್ಚಿದ್ಲು.

"ಮೊದಲು ಉಸಿರು ಬಿಡಿ ಮೇಡಂ," ಅಂದ ಅವನು. "ಕೇಳಿ ನೋಡದೆ ನಾವು ಏನನ್ನೂ ತೆರೆದಿಡಲ್ಲ. ಮೊದಲನೇದರಲ್ಲೇ ಯಾರೋ ಅಮ್ಮ ಸೊಸೆ ಅಡುಗೆ ಬೈತಿದ್ರು, ಅಲ್ಲಿಗೇ ತಡೆದಿಟ್ಟೆ. ಮಾತು ತೆಗೆಸಿ, ಅವರನ್ನೆಲ್ಲ ಇನ್ನೊಂದ್ಸಲ ಕೇಳಿ, ಒಪ್ಪಿದವರದ್ದು ಮಾತ್ರ ಕಳಿಸಿ. ಅಲ್ಲ, ಅಷ್ಟೊಂದು ಉಪ್ಪು ಹಾಕ್ತೀರಾ?"

ಅವಳು ಬಿಟ್ಟ ಉಸಿರಿಗೆ ಹಗ್ಗದ ಮೇಲಿದ್ದ ಬಟ್ಟೆಯೆಲ್ಲ ಪಕ್ಕದ ಬೀದಿಗೆ ಹಾರಬೇಕಿತ್ತು.

ಆಮೇಲೆ ಅತ್ತೆ ಕಡೆ ತಿರುಗಿದ್ಲು. "ಟೈಲರಮ್ಮನ ಕಣ್ಣಿನ ವಿಷಯ ನನಗೂ ಹೇಳಲಿಲ್ವಲ್ಲ ಅತ್ತೆ?"

"ಯಾರಿಗೂ ಹೇಳ್ಬೇಡ ಅಂದ್ಲು, ಹೇಳಲಿಲ್ಲ," ಅಂತ ಅತ್ತೆ ತಟ್ಟೆ ಎತ್ಕೊಂಡು ಎದ್ರು. ಬಾಯಿಗೆ ಬಾಗಿಲೇ ಇಲ್ಲ ಅಂತ ಬೀದಿಯೆಲ್ಲ ಆಡ್ಕೊಳ್ಳೋ ಹೆಂಗಸು! "ನನ್ನದನ್ನ ಮಾತ್ರ ಮಾತಿನ ಸಮೇತ ಇಡು. ಉಪ್ಪಿನ ಸಂಗತಿ ಪ್ರಪಂಚಕ್ಕೂ ಗೊತ್ತಾಗ್ಲಿ."

ಮಾತೆಲ್ಲ ತೆಗೆದು ಬರೀ ಲಟಲಟ ಉಳಿಸ್ಕೊಂಡು ಸೊಸೆ ಅಂಗಡಿಗಿಳಿದ್ಲು. ಏನನ್ನೂ ಮುಚ್ಚಿಡದೆ ಹೇಳಿದ್ಲು: ತನ್ನ ತಪ್ಪು, ತಾನು ಕೇಳಿದ್ದು, ಭಂಡಾರದವನು ತಡೆದಿದ್ದು. ಟೈಲರಮ್ಮನ ಕತ್ತರಿ ಬಟ್ಟೆಯೊಳಗೇ ನಿಂತುಬಿಟ್ಟಿತು.

"ಬೇಡ ಅಂದ್ರೆ ಈಗಲೇ ಅಳಿಸ್ತೀನಿ ಟೈಲರಮ್ಮ."

"ಮೊದಲು ಕೇಳಿಸು."

ಕೇಳಿಸಿದ್ಲು. ಟೈಲರಮ್ಮ ಫೋನು ಕಿವಿಗಿಟ್ಕೊಂಡು ಕಣ್ಣು ಮುಚ್ಚಿದ್ಲು, ಆಮೇಲೆ ಭುಜ ಕುಣಿಸಿ ನಕ್ಕಳು. "ಅಯ್ಯೋ, ಇದು ಮಂಡಿನಾ, ಎಣ್ಣೆ ಕಾಣದ ಮೆಷೀನಾ! ಇದರಿಂದ ಇನ್ಯಾರದ್ದೋ ಮಂಡಿಗೆ ಉಪಕಾರ ಆಗುತ್ತಾ?"

"ಆಗ್ಲಿ ಅಂತಾನೇ ಇಡೋದು."

"ಹಾಗಾದ್ರೆ ಇಡು. ಇದರಲ್ಲಿ ನನ್ನ ಕಣ್ಣಿಲ್ಲ, ಮಂಡಿ ಮಾತ್ರ ಇದೆ." ಸೂಜಿ, ದಾರ ಮುಂದೆ ಚಾಚಿದ್ಲು. "ಕೇಳಿದ್ದು ಕೇಳಿಬಿಟ್ಟಿದ್ದೀಯ. ಇನ್ನು ಕಂಬದ ಹಾಗೆ ನಿಲ್ಬೇಡ. ಬಾ, ಪೋಣಿಸ್ಕೊಡು."