ಡ್ರಮ್ಮಿನೊಳಗಿನ ರಾತ್ರಿ

ಚೈತ್ರಾ ಮಾಡಿದ್ದು ಸಣ್ಣ ತಪ್ಪೇನಲ್ಲ ಬಿಡಿ. ಅತ್ತೆ ಹಂಪವ್ವ ಕುಕ್ಕುವಾಡದ ತವರಿನಿಂದ ತಂದಿಟ್ಟಿದ್ದ ಕರಿಭತ್ತದ ಕೊನೆಯ ಹಿಡಿ ಬೀಜವನ್ನು, ಒಂದು ಮಾತೂ ಕೇಳದೆ, ಸಂಕ್ರಾಂತಿ ಹೊತ್ತಿಗೆ ಎಂ.ಸಿ.ಸಿ. ಬಡಾವಣೆಯ ಮನೆಯ ತಾರಸಿ ಮೇಲೆ ಟಬ್ಬಿನಲ್ಲಿ ಬಿತ್ತಿಬಿಟ್ಟಿದ್ದಳು. ಅದು ಮಳೆಗಾಲದ ಭತ್ತ ಎಂಬುದು, ಹರಿಹರದ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವಳಿಗೆ ಹೊಳೆಯಲೇ ಇಲ್ಲ! ಮೇ ಬಂದರೂ ಪೈರಿನಲ್ಲಿ ಒಂದು ತೆನೆಯಿಲ್ಲ.

"ನಮ್ಮವ್ವನ ಕಾಲದ್ ಬೀಜ ಮಣ್ಣು ಮಾಡಿದ್ಯಲ್ಲೇ," ಎಂದ ಹಂಪವ್ವ ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟರು.

ಚೈತ್ರಾಗೆ ಸಂಕಟವೂ ಆಯಿತು, ಕುತೂಹಲವೂ ಆಯಿತು. ಪುಸ್ತಕ ತಿರುವಿ ಹಾಕಿದಳು. ಎಲೆ ರಾತ್ರಿಯ ಉದ್ದವನ್ನು ಅಳೆಯುತ್ತದಂತೆ! ರಾತ್ರಿ ಸಾಕಷ್ಟು ಉದ್ದವಾದರೆ ಎಲೆಯಲ್ಲೊಂದು ಪ್ರೋಟೀನು ಹುಟ್ಟಿ, ಸುಳಿಯವರೆಗೆ ಸಾಗಿ, ಎಲೆ ಸಾಕು, ಇನ್ನು ಹೂ ಬಿಡು ಎನ್ನುತ್ತದೆ. ಬೇಸಿಗೆಯ ಉದ್ದ ಹಗಲಿನಲ್ಲಿ ಇನ್ನೊಂದು ಪ್ರೋಟೀನು ಅದನ್ನು ಹುಟ್ಟಲಿಕ್ಕೇ ಬಿಡುವುದಿಲ್ಲ. ಹಗಲು ಕುಗ್ಗುವವರೆಗೆ ಕಾಯೋಣವೆಂದರೆ ಪೈರು ಆಗಲೇ ಬುಡದಿಂದ ಒಣಗುತ್ತಿತ್ತು. ಸರಿ, ರಾತ್ರಿಯನ್ನೇ ಉದ್ದ ಮಾಡಿದರಾಯಿತು!

ದಿನಾ ಸಂಜೆ ಐದಕ್ಕೆ ಪೈರಿನ ಮೇಲೆ ನೀರಿನ ಹಳೆಯ ನೀಲಿ ಡ್ರಮ್ಮು ಬೋರಲು ಹಾಕುವುದು, ಬೆಳಿಗ್ಗೆ ಏಳಕ್ಕೆ ಎತ್ತುವುದು.

"ಏನ್ರಿ ಮೇಡಂ, ಕೋಳಿ ಕವುಚಿದಂಗೆ ಕವುಚ್ತೀರಲ್ಲ," ಎಂದು ಪಕ್ಕದ ತಾರಸಿಯ ಬಿಲ್ಕೀಸ್ ನಕ್ಕಾಗ ಚೈತ್ರಾ ಪ್ರೋಟೀನಿನ ಕಥೆಯನ್ನೆಲ್ಲ ಹೇಳಿದಳು. ಹದಿನೈದು ದಿನ ಕಳೆದವು. ಸುಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಒಂದು ದಿನ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಮುಗಿಯಲೇ ಇಲ್ಲ. ಹರಿಹರದ ಬಸ್ಸಿಳಿದಾಗ ಆರೂವರೆ. ಅಯ್ಯೋ, ಇವತ್ತಿನ ರಾತ್ರಿ ತಪ್ಪಿತಲ್ಲ ಎಂದು ಓಡೋಡಿ ತಾರಸಿ ಹತ್ತಿದರೆ, ಡ್ರಮ್ಮು ಆಗಲೇ ಬೋರಲಾಗಿದೆ! ಡ್ರಮ್ಮಿನ ನಲ್ಲಿ ಮುರಿದ ಜಾಗದ ತೂತಿಗೆ ಹಳೆ ಸೀರೆಯ ಚಿಂದಿ ತುರುಕಿದೆ. ಪಕ್ಕದಲ್ಲಿ ಹಂಪವ್ವ ಕೂತಿದ್ದಾರೆ.

"ದಿನಾ ನೋಡ್ತಿದ್ದೆ. ನಿನ್ ರಾತ್ರಿಗೆ ತೂತೈತೆ. ಅಷ್ಟು ಓದೀಯ, ಇದು ಕಾಣ್ಲಿಲ್ಲೇನು?"

ಚೈತ್ರಾಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು, ಅತ್ತೆ ಮಾತಾಡಿದ್ದರು.

"ಬಿಲ್ಕೀಸ್‌ಗೆ ಹೇಳ್ತಿದ್ಯಲ್ಲ, ಅದೇನೋ ಪ್ರೋಟೀನು. ಎಲಿಯಿಂದ ಸುಳಿಗೆ ಹೋಗಾಕೆ ಎಷ್ಟ್ ದಿನ ಬೇಕು?"

"ನಂಗೂ ಸರಿಯಾಗಿ ಗೊತ್ತಿಲ್ಲ ಅತ್ತೆ. ನೋಡಾಣ."

ಇಬ್ಬರೂ ಕಾದರು. ತಿಂಗಳ ಮೇಲೆ ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಬಟ್ಟೆ ಹರವಲು ಹೋದ ಚೈತ್ರಾ ಮೆಟ್ಟಿಲಲ್ಲೇ ನಿಂತಳು. ಹೊರಬಂದ ತೆನೆಯಲ್ಲಿ ಪುಟ್ಟ ಹೂಗಳು ಬಾಯಿಬಿಟ್ಟಿದ್ದವು. ಟಬ್ಬಿನ ಪಕ್ಕ ಕೂತ ಹಂಪವ್ವ ಆಗಲೇ ಕುಕ್ಕುವಾಡದ ತಂಗಿಗೆ ಫೋನು ಹಚ್ಚಿದ್ದರು.

"ಹೂ ಬಂತು ಕಣೇ! ಹೆಂಗೆ ಅಂದ್ರೆ? ಏನಿಲ್ಲ, ನಾನೂ ನಮ್ ಚೈತ್ರಾನೂ ಸಂಜಿ ಐದಕ್ಕೇ ರಾತ್ರಿ ಮಾಡ್ತಿದ್ವಿ."